‘ತುರ್ತು ಕರೆಗಳು ಮಾತ್ರ’ ಎಂದ ಫೋನು ಮತ್ತು ಒಂದು ಹಿಡಿ ಒಣ ಚಟ್ಲಿ

ಮೊನ್ನೆ ಕೋಟೇಶ್ವರದಲ್ಲಿ ತಂಗಿ ಮನೆಗೆ ಹೋಗಿದ್ದೆ. ಬಾಗಿಲು ದಾಟುವ ಮೊದಲೇ ಒಳಗಿಂದ ಒಣ ಚಟ್ಲಿ ಹುರಿಯುವ ವಾಸನೆ ಬಂತು. ಚಟ್ಲಿ ಅಂದರೆ ಸಿಗಡಿ, ಅದು ನಮ್ಮ ಕಡೆಯ ಹೆಸರು. ಹೊರಗೆ ಮಳೆ, ಒಳಗೆ ಕಾವಲಿ ಮೇಲೆ ಚಟ್ಲಿ. ಕುಂದಾಪ್ರದ ಮನುಷ್ಯನಿಗೆ ಇನ್ನೆಂತ ಬೇಕು? ಆದರೆ ನನ್ನ ಕೈ ಮಾತ್ರ ಸೀದಾ ಕಿಸೆಗೆ ಹೋಯಿತು. ಫೋನು ತೆಗೆದು ಮೇಲಿನ ಮೂಲೆ ನೋಡಿದೆ. ಸಿಗ್ನಲ್ಲಿನ ನಾಲ್ಕು ಕಡ್ಡಿ ಇತ್ತು. ಆಮೇಲೇ ಒಳಗೆ ಕಾಲಿಟ್ಟೆ.

“ಎಂತ ಅಣ್ಣ, ಒಳ್ಗ್ ಬಪ್ಪುಕ್ ಮುಂಚೆಯೇ ಫೋನಾ?” ಎಂದಳು ತಂಗಿ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ. ಪುರುಸೊತ್ತು ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ನನಗೆ ಬೇಸರವಿಲ್ಲ.

ನನ್ನ ಪೇಜಿಗೆ ಹೊಸದಾಗಿ ಬಂದವರಿಗೆ ಹೇಳುತ್ತೇನೆ, ನಾನು ಮಂಜ, ಮೀನು ಮಾರುವವ. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಹರಾಜಿಗೆ ನಿಂತು ಮೀನು ತೆಗೆದು, ಗೂಡ್ಸ್ ರಿಕ್ಷಾಕ್ಕೆ ತುಂಬಿ, ವಂಡ್ಸೆಯಿಂದ ಒಳಗಿನ ಹಳ್ಳಿಗಳಿಗೆ ಹೋಗುವುದು ನನ್ನ ಕೆಲಸ. ಹಾರ್ನ್ ಹೊಡೆದರೆ ಹೆಂಗಸರು ಪಾತ್ರೆ ಹಿಡಿದು ಬರುತ್ತಾರೆ, ಅವರಿಗಿಂತ ಮೊದಲು ಬೆಕ್ಕುಗಳು ಬರುತ್ತವೆ. ಇಪ್ಪತ್ಮೂರು ವರ್ಷದಿಂದ ಇದೇ.

ನಾನು ಹೇಳುತ್ತಿರುವುದು ಮೂರು ವರ್ಷದ ಹಿಂದಿನ ಮಳೆಗಾಲ. ಆ ವರ್ಷ ಜೂನ್ ಶುರುವಾದದ್ದೇ ಗಾಳಿಯಿಂದ. ಯಾಂತ್ರಿಕ ಬೋಟುಗಳು ಎಂದಿನಂತೆ ದಡ ಸೇರಿದ್ದವು. ನಾಡದೋಣಿಯವರಿಗೂ ಕಡಲಿಗೆ ಇಳಿಯಲು ಆಗುತ್ತಿರಲಿಲ್ಲ. ಹಸಿ ಮೀನು ಇಲ್ಲದ ಮೇಲೆ ನನ್ನ ಗಾಡಿಯಲ್ಲಿ ಇದ್ದದ್ದು ಒಣ ಮೀನು, ಒಣ ಚಟ್ಲಿ, ಅಪರೂಪಕ್ಕೆ ಹೊಳೆ ಮೀನು. ನಾನು ಹೋಗುವ ಒಂದು ಊರು ಕಾಡಿನ ಆಚೆಗಿದೆ. ಹೆಸರು ಬೇಡ, ಆ ಊರಿನವರು ಓದಿದರೆ ಅವರಿಗೇ ಗೊತ್ತಾಗುತ್ತದೆ. ಮೂವತ್ತು ಮನೆ, ಒಳಗೆ ಹೋಗಲು ಒಂದೇ ರಸ್ತೆ, ಗುಡ್ಡದ ಮೇಲೆ ಒಂದೇ ಕಂಪನಿಯ ಟವರು. ಹಾಗಾಗಿ ಊರಿಗೆ ಊರೇ ಆ ಕಂಪನಿಯ ಸಿಮ್ಮು ಹಾಕಿಕೊಂಡಿತ್ತು. ಆ ಊರಿನ ವ್ಯಾಪಾರ ಬೇಕಲ್ಲ, ಹಾಗೆ ನಾನೂ ಅದನ್ನೇ ಹಾಕಿಕೊಂಡಿದ್ದೆ.

ಮಳೆ ಜೋರಾದರೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋಗಿ ಅರ್ಧ ದಿನಕ್ಕೆ ಟವರೂ ಮಲಗುತ್ತಿತ್ತು. ಆಗ ಊರಿನವರು ಟವರ್ ಬಂಡೆಗೆ ಹತ್ತುತ್ತಿದ್ದರು. ಮನೆಗಳಿಂದ ಏಳೆಂಟು ನಿಮಿಷ ಮೇಲಕ್ಕೆ ನಡೆದರೆ ಒಂದು ಕಪ್ಪು ಬಂಡೆ. ಅಲ್ಲಿ ಕೊಲ್ಲೂರು ದಿಕ್ಕಿಗೆ ಮುಖ ಮಾಡಿ ನಿಂತರೆ ಅದೇ ಕಂಪನಿಯ ಇನ್ನೊಂದು ಟವರಿನ ಒಂದು ಕಡ್ಡಿ ಸಿಗುತ್ತಿತ್ತು. ಕೊಡೆ ಹಿಡಿದುಕೊಂಡು ಸಾಲಾಗಿ ನಿಂತು ಮುಂಬೈಗೆ, ಹುಬ್ಬಳ್ಳಿಗೆ, ದುಬೈಗೆ ಮಾತಾಡುವ ಜನರನ್ನು ಕೆಳಗಿನ ರಸ್ತೆಯಿಂದ ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಯಾರ ಮನೆಯ ಗುಟ್ಟೂ ಆ ಬಂಡೆಯ ಮೇಲೆ ಉಳಿಯುತ್ತಿರಲಿಲ್ಲ.

ಮನೆಯಲ್ಲಿದ್ದಾಗ ಫೋನಿನ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಬರುತ್ತಿತ್ತು. ಅದನ್ನು ಓದಿ ನಾವೆಲ್ಲ ತಿಳಿದದ್ದು ಒಂದೇ, ಫೋನು ಸತ್ತಿದೆ. ಆ ಮೂರು ಪದವನ್ನು ಯಾರೂ ಎರಡನೇ ಸಲ ಓದಲಿಲ್ಲ. ನಾನೂ ಓದಲಿಲ್ಲ.

ಆ ಊರಲ್ಲಿ ನನಗೆ ದಿನಾ ಚಹಾ ಕೊಡುವ ಮನೆ ಗಿರಿಜಕ್ಕನದು. ಐವತ್ತೆಂಟು ವರ್ಷ, ಗಂಡ ಇಲ್ಲ, ಬಾಯಿ ಜೋರು, ಕೈ ದೊಡ್ಡದು. ಮಗ ಸತೀಶ ದಾವಣಗೆರೆಯಲ್ಲಿ ಬೇಕರಿ ಇಟ್ಟಿದ್ದಾನೆ. ಅಲ್ಲಿನದೇ ಹುಡುಗಿ ಸುಮಾಳನ್ನು ಆ ಮೇ ತಿಂಗಳಲ್ಲಿ ಮದುವೆಯಾದ. ಹೊಸ ಮದುಮಗಳು ಆಸಾಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ತವರಿನಲ್ಲಿರಬೇಕು ಎನ್ನುವುದು ನಮ್ಮ ಕ್ರಮ. ಅಲ್ಲಿಯವರೆಗೆ ಅತ್ತೆಯ ಜೊತೆ ಇದ್ದು ಊರು ಮನೆ ಕಲಿಯಲಿ ಎಂದು ಸುಮಾಳನ್ನು ಬಿಟ್ಟು ಸತೀಶ ಬೇಕರಿಗೆ ವಾಪಸು ಹೋಗಿದ್ದ.

ಸುಮಾ ಮಾತಾಡಿದ್ದನ್ನು ಆ ಒಂದೂವರೆ ತಿಂಗಳಲ್ಲಿ ನಾನು ಕೇಳಿಯೇ ಇರಲಿಲ್ಲ. ಏನು ಕೇಳಿದರೂ ತಲೆ ಅಲ್ಲಾಡಿಸುವುದು. ಬೂತಾಯಿ ತಿಂತೀಯಾ ಎಂದರೆ ಹೂಂ, ಬಂಗಡೆ ಬೇಕಾ ಎಂದರೂ ಹೂಂ.

“ಎಂತ ಕೊಟ್ರೂ ತಿಂತ್ ಮಾರಾಯ, ಬ್ಯಾಡ ಅಂಬ್ದೇ ಇಲ್ಲೆ. ಚಿನ್ನದಂಥ ಹೆಣ್ಣ್,” ಎಂದು ಗಿರಿಜಕ್ಕ ಸೊಸೆಯ ಎದುರಲ್ಲೇ ಹೊಗಳುತ್ತಿದ್ದರು. “ತವರಿಗ್ ಹೋಪುಕ್ ಮುಂಚೆ ಒಂಚೂರ್ ಮೈ ತುಂಬ್ಕ್. ಇಲ್ದಿರೆ ಅತ್ತೆ ಉಪಾಸ ಹಾಕಿದ್ಲ್ ಅಂಬ್ರ್ ಅವ್ರ್.”

“ಹಾಂಗಾರೆ ಚಟ್ಲಿ ತಕಣಿ ಗಿರಿಜಕ್ಕ. ಈ ವರ್ಷದ್ದೇ. ತೆಂಗಿನ್‌ಕಾಯಿ ಹಾಕಿ ಚಟ್ನಿ ಮಾಡಿ ಕೊಡಿ, ಕಾಣಿ ಮತ್ತೆ,” ಎಂದವನು ನಾನೇ. ನಾನೇ ಕೈಯಾರೆ ಅಳೆದು ಕೊಟ್ಟೆ, ಮೇಲೆ ಒಂದು ಹಿಡಿ ಕೊಸರು ಬೇರೆ. ಆ ಹಿಡಿ ನನಗೆ ಈಗಲೂ ಕಣ್ಣೆದುರು ಬರುತ್ತದೆ.

ಅದಾಗಿ ವಾರಕ್ಕೆ ಗಾಳಿಮಳೆ ಹಿಡಿಯಿತು. ಎರಡು ದಿನ ಕರೆಂಟಿಲ್ಲ. ಮೂರನೇ ದಿನ ನಾನು ಹೇಗೋ ಗಾಡಿ ತಂದು ಆ ಊರಿನ ಸುತ್ತು ಮುಗಿಸಿ ಹನ್ನೊಂದು ಗಂಟೆಗೆ ಹಿಂದೆ ಹೊರಟೆ. ಕಾಡಿನ ತಿರುವಿನಲ್ಲಿ ಒಂದು ದೊಡ್ಡ ಮರ ಕರೆಂಟಿನ ತಂತಿಯನ್ನೂ ಎಳೆದುಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ಬರುವಾಗ ಇರಲಿಲ್ಲ. ಗಾಡಿ ತಿರುಗಿಸಿ ಗಿರಿಜಕ್ಕನ ಮನೆಗೇ ಬಂದೆ.

“ಮರ ಬಿದ್ದದ್ ಒಳ್ಳೇದೇ ಆಯ್ತ್. ಗಂಜಿ ಉಂಡ್ಕಂಡ್ ಹೋಯ್ಲಕ್ಕ್, ಕೂಕೊ,” ಎಂದರು ಗಿರಿಜಕ್ಕ.

ಗಂಜಿ, ಉಪ್ಪಿನಕಾಯಿ, ನಾನು ಕೊಟ್ಟ ಚಟ್ಲಿಯಿಂದ ಅಂದೇ ಮೊದಲು ಮಾಡಿದ ಚಟ್ನಿ. ಮೂವರೂ ಉಂಡೆವು. ಸುಮಾ ಚಟ್ನಿಯನ್ನು ತಟ್ಟೆಯ ಬದಿಗೆ ಸರಿಸಿ ಇಟ್ಟುಕೊಂಡಿದ್ದಳು. “ಎಂತಕ್ ಹಾಂಗೇ ಇಟ್ಕಂಡಿದ್ದಿ? ತಿನ್,” ಎಂದು ಅತ್ತೆ ಹೇಳಿದ ಮೇಲೆ ಬಾಯಿಗೆ ಹಾಕಿಕೊಂಡಳು.

ಕೈ ತೊಳೆದು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆ, ಅಷ್ಟೇ ಹೊತ್ತು. ಒಳಗೆ ತಟ್ಟೆ ಬಿದ್ದ ಶಬ್ದ. ಸುಮಾ ಬಾಗಿಲಿಗೆ ಬಂದು ದಾರಂದ ಹಿಡಿದು ನಿಂತಿದ್ದಳು. ತುಟಿ ಊದಿತ್ತು, ಕಣ್ಣು ಮುಚ್ಚಿಹೋಗುವ ಹಾಗೆ ರೆಪ್ಪೆ ಊದಿತ್ತು, ಕುತ್ತಿಗೆ ತುಂಬ ಕೆಂಪು ದದ್ದು. ಉಸಿರು ಎಳೆದರೆ ಸೀಟಿಯಂಥ ಸ್ವರ.

“ಅಯ್ಯೋ ದೇವ್ರೇ, ಎಂತ ಆಯ್ತ್ ಇದಕ್ಕೆ! ಮಂಜ, ನೀ ಎಂತ ತಂದ್ ಕೊಟ್ಟದ್ದಾ?” ಗಿರಿಜಕ್ಕ ಕಿರುಚಿದರು.

ಚಟ್ಲಿ ಕೆಲವರಿಗೆ ಆಗುವುದಿಲ್ಲ ಎಂದು ಕೇಳಿದ್ದೆ. ಮೈ ತುರಿಸುತ್ತದೆ, ಹೋಗುತ್ತದೆ ಎಂದುಕೊಂಡಿದ್ದೆ. ಉಸಿರಿಗೇ ಕೈ ಹಾಕುತ್ತದೆ ಎಂದು ಗೊತ್ತಿರಲಿಲ್ಲ. ಗಾಡಿಯಲ್ಲಿ ಕೂರಿಸಿಕೊಂಡು ಹೋಗೋಣ ಎಂದರೆ ಅಡ್ಡ ಮರ. ಮರದ ಆಚೆಗೆ ಒಂದು ಆಂಬುಲೆನ್ಸು ಬಂದು ನಿಂತರೆ ಮಾತ್ರ ದಾರಿ. ಅದು ಬರಬೇಕಾದರೆ ಯಾರಾದರೂ ಫೋನು ಮಾಡಬೇಕು. ಮನೆಯ ಎರಡು ಫೋನಿಗೂ ಚಾರ್ಜಿಲ್ಲ. ನನ್ನದಕ್ಕೆ ಗಾಡಿಯ ಚಾರ್ಜರಿನಿಂದ ಜೀವ ಇತ್ತು, ಆದರೆ ಮೇಲೆ ಅದೇ ಬರಹ, ತುರ್ತು ಕರೆಗಳು ಮಾತ್ರ.

ಸುಮಾ ನನ್ನ ಕಡೆ ಕೈ ಚಾಚಿದಳು, ಫೋನು ಕೊಡಿ ಎನ್ನುವ ಹಾಗೆ. ಪಾಪ, ತಾಯಿಗೆ ಮಾತಾಡಬೇಕೇನೋ ಎಂದುಕೊಂಡೆ.

“ತಡಿ ಮಗ, ಇಲ್ಲಿ ಟವರ್ ಇಲ್ಲೆ. ಬಂಡೆ ಮೇಲ್ ಹೋಯಿ ಮಾಡ್ಕಂಡ್ ಬತ್ತೆ,” ಎಂದು ಓಡಿದೆ.

ಇಪ್ಪತ್ತು ವರ್ಷ ಮೀನು ಮಾರಿ ಬೆಳೆದ ಹೊಟ್ಟೆ ಹೊತ್ತುಕೊಂಡು, ಜಾರುವ ದಾರಿಯಲ್ಲಿ, ಮಳೆಯಲ್ಲಿ. ಬಂಡೆ ಮುಟ್ಟಿದಾಗ ಕಣ್ಣು ಕತ್ತಲೆ ಬರುತ್ತಿತ್ತು. ಕೊಲ್ಲೂರು ದಿಕ್ಕಿಗೆ ಕೈ ಎತ್ತಿ ಹಿಡಿದೆ. ಒಂದು ಕಡ್ಡಿಯೂ ಇಲ್ಲ. ಆಚೆಯ ಟವರೂ ಮಲಗಿತ್ತು. ಸಿಮ್ಮು ತೆಗೆದು ಅಂಗಿಗೆ ಒರೆಸಿ ಹಾಕಿದೆ. ಇಲ್ಲ. ಬಂಡೆಯ ತುದಿಗೆ ಹೋಗಿ ನಿಂತೆ. ಇಲ್ಲ. ಬಿದ್ದು ಎದ್ದು ಕೆಳಗೆ ಬಂದೆ. ಹೋಗಿ ಬರಲು ಹತ್ತು ನಿಮಿಷದ ಮೇಲೇ ಆಯಿತು. ಅವಳ ಉಸಿರಿನ ಲೆಕ್ಕದಲ್ಲಿ ಅದು ಎಷ್ಟು ಎಂದು ಆಮೇಲೆ ಡಾಕ್ಟರು ಹೇಳಿದರು.

ಬರುವಷ್ಟರಲ್ಲಿ ಸುಮಾ ಜಗಲಿಯ ಕಂಬಕ್ಕೆ ಒರಗಿದ್ದಳು. ಗಿರಿಜಕ್ಕ ಬೆನ್ನು ತಿಕ್ಕುತ್ತಾ ಅಳುತ್ತಿದ್ದರು. ನಾನು ಹತ್ತಿರ ಬಗ್ಗಿದ್ದೇ ತಡ, ಹುಡುಗಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. ನಿಜವಾಗಿ ಕಸಿದದ್ದು, ಉಗುರು ತಾಗಿತು. ಬೀಗ ಹಾಕಿದ ಪರದೆಯ ಕೆಳಗೆ ‘ತುರ್ತು’ ಎಂದು ಸಣ್ಣದಾಗಿ ಬರೆದಿರುತ್ತದಲ್ಲ, ಅದನ್ನು ಒತ್ತಿದಳು. ಒಂದು, ಒಂದು, ಎರಡು. ಒತ್ತಿ ಫೋನನ್ನು ನನ್ನ ಕಿವಿಗೆ ಹಿಡಿದಳು. ಅವಳಿಗೆ ಮಾತಾಡಲು ಆಗುತ್ತಿರಲಿಲ್ಲವಲ್ಲ.

ಕರೆ ಹೋಯಿತು. ದೇವರಾಣೆ, ಹೋಯಿತು.

ಓದುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಸಿಮ್ಮಿನ ಕಂಪನಿಯ ಟವರು ಸತ್ತರೂ ಬೇರೆ ಯಾವುದೋ ಕಂಪನಿಯ ಟವರು ಆಸುಪಾಸಿನಲ್ಲಿ ಬದುಕಿದ್ದರೆ, ತುರ್ತು ನಂಬರು 112 ಅದರ ಮೇಲೆ ಹತ್ತಿ ಹೋಗುತ್ತದೆ. ಆ ಮನೆಗೆ ಹೊಳೆಯ ಆಚೆಯಿಂದ ಬೇರೆ ಕಂಪನಿಯ ತೆಳ್ಳಗಿನ ಸಿಗ್ನಲ್ ಬರುತ್ತಿತ್ತು. ಆ ಊರವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಫೋನು ಪ್ರತಿ ಮಳೆಗಾಲವೂ ಅದನ್ನೇ ಕನ್ನಡದಲ್ಲಿ ಬರೆದು ತೋರಿಸುತ್ತಿತ್ತು. ಯಾವ ಟವರೂ ಇಲ್ಲದಿದ್ದರೆ ‘ಸೇವೆ ಇಲ್ಲ’ ಎಂದು ಬರುತ್ತದೆ. ಆಗ ಏನು ಒತ್ತಿದರೂ ಇಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಎಂದು ನನಗೆ ಹೇಳಿಕೊಟ್ಟದ್ದು ಉಸಿರು ಸಿಗದ ಒಂದು ಹುಡುಗಿ.

ಆ ಕಡೆ ಒಬ್ಬಳು ಹೆಣ್ಣುಮಗಳು, ಬೆಂಗಳೂರಿನ ಮಾತು. “ಹೇಳಿ ಸರ್, ಏನಾಗಿದೆ?”

“ಚಟ್ಲಿ ತಿಂದದ್ದ್ ಮೇಡಂ, ಹೆಣ್ಣಿಗ್ ಉಸ್ರ್ ಸಿಕ್ತಿಲ್ಲೆ, ಮೋರೆ ಎಲ್ಲ ಬೀಗಿತ್...”

“ಸರ್, ನಿಧಾನವಾಗಿ. ಎಲ್ಲಿದೀರಿ? ಈ ಕಾಲ್ ಕಟ್ ಆದ್ರೆ ವಾಪಸ್ ಮಾಡೋಕೆ ನಮಗೆ ಆಗದೇ ಇರಬಹುದು. ಜಾಗ ಮೊದಲು ಹೇಳಿ.”

ಆ ಮಾತು ಕೇಳಿ ನನಗೆ ಬುದ್ಧಿ ನೆಟ್ಟಗಾಯಿತು. ನನಗೆ ಬೇರೆ ಏನೂ ಬಾರದಿರಬಹುದು, ದಾರಿ ಬರುತ್ತದೆ. ದಿನಾ ಹಾರ್ನ್ ಹೊಡೆಯುವ ದಾರಿ. ವಂಡ್ಸೆಯಿಂದ ಕೊಲ್ಲೂರು ರಸ್ತೆ, ಎಡಕ್ಕೆ ಮೂರನೇ ಕವಲು, ಗೇರು ತೋಟ ದಾಟಿ ಎರಡು ಮೋರಿ, ಆಮೇಲೆ ಕಾಡು, ಕಾಡಿನ ತಿರುವಿನಲ್ಲಿ ಬಿದ್ದ ಮರ. ಆಂಬುಲೆನ್ಸು ಮರದ ಆಚೆ ನಿಲ್ಲಲಿ, ನಾವು ಈಚೆಯಿಂದ ಹೊತ್ತು ತರುತ್ತೇವೆ. ಒಂದೇ ಉಸಿರಿಗೆ ಹೇಳಿದೆ.

“ಮಲಗಿಸ್ಬೇಡಿ, ಕೂರಿಸ್ಕೊಂಡೇ ಕರ್ಕೊಂಡು ಬನ್ನಿ. ಆಂಬುಲೆನ್ಸ್...” ಎಂದಳು. ಅಲ್ಲಿಗೆ ಕಟ್ಟಾಯಿತು.

ಆಂಬುಲೆನ್ಸು ಬರುತ್ತದೆ ಎಂದಳೋ, ಇಲ್ಲ ಎಂದಳೋ? ಗೊತ್ತಿಲ್ಲ. ಇನ್ನೊಮ್ಮೆ ಒತ್ತುತ್ತಾ ನಿಲ್ಲುವ ಹೊತ್ತಲ್ಲ.

ಮೀನಿನ ಪೆಟ್ಟಿಗೆಗಳನ್ನು ಅಂಗಳಕ್ಕೆ ಎಸೆದೆ. ಗಾಡಿಯ ಹಿಂದೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಸುಮಾಳನ್ನು ಕೂರಿಸಿದೆವು. ಗಿರಿಜಕ್ಕ ಸೀರೆ ಸೊಂಟಕ್ಕೆ ಕಟ್ಟಿ ಅವಳನ್ನು ತಬ್ಬಿ ಹಿಡಿದರು. ಗಾಡಿ ಬಿಟ್ಟೆ. ಹೊಂಡ, ನೀರು, ಗಾಬರಿ. ನನ್ನ ಕೈ ಅದರಷ್ಟಕ್ಕೆ ಹಾರ್ನಿನ ಮೇಲೆ ಹೋಯಿತು. ಎಲ್ಲೂ ಬಿಡದೆ ಹೊಡೆಯುತ್ತಾ ಹೋದೆ.

ನೋಡಿ, ಮೀನಿನ ಗಾಡಿ ಮಧ್ಯಾಹ್ನ ಎರಡನೇ ಸಲ ಹಾರ್ನ್ ಹೊಡೆದರೆ ನಮ್ಮಲ್ಲಿ ಅದಕ್ಕೊಂದೇ ಅರ್ಥ. ಉಳಿದ ಮೀನನ್ನು ಸಿಕ್ಕಿದ ರೇಟಿಗೆ ಕೊಟ್ಟು ಹೋಗುತ್ತಿದ್ದಾನೆ ಎಂದು. ಬೆಳಿಗ್ಗೆ ಬಾರದವರೂ ಆಗ ಬರುತ್ತಾರೆ. ಎರಡೂ ಬದಿಯ ಮನೆಗಳಿಂದ ಪಾತ್ರೆ, ಬಟ್ಟಲು, ಕೊಡೆ. ಹಿಂದೆ ಬೆಕ್ಕುಗಳ ಮೆರವಣಿಗೆ.

“ಹ್ವಾಯ್ ಮಂಜಣ್ಣ, ಎಂತ ಉಳ್ದಿತ್ತ್? ನಿಲ್ಸಿ ಮಾರಾಯ್ರೆ!” ಎಂದು ಅಡ್ಡ ಬಂದವನು ರಬ್ಬರ್ ಟ್ಯಾಪಿಂಗ್ ಮಾಡುವ ಶೀನ.

“ಮೀನಲ್ಲ ಶೀನ, ಗಿರಿಜಕ್ಕನ ಸೊಸಿ! ಉಸ್ರ್ ಸಿಕ್ತಿಲ್ಲೆ! ಮರ ದಾಟ್ಸ್‌ಕ್, ಜನ ಬೇಕ್!”

ಶೀನ ಬಟ್ಟಲನ್ನು ಬೇಲಿಯ ಮೇಲೆ ಎಸೆದು ಗಾಡಿಗೆ ಹಾರಿದ. ಇನ್ನು ನಾಲ್ಕು ಜನ ಹತ್ತಿದರು. ಇಬ್ಬರು ಹೆಂಗಸರು ಪಾತ್ರೆ ಹಿಡಿದೇ ಹತ್ತಿದ್ದರು, ಅದನ್ನು ಬಿಡಬೇಕೆಂದೂ ಹೊಳೆದಿರಲಿಲ್ಲ. ನಾನು ಕರೆಯಲು ಹೊಡೆದ ಹಾರ್ನ್ ಅಲ್ಲ ಅದು. ಆದರೆ ಸಹಾಯಕ್ಕೆ ಬನ್ನಿ ಎಂದು ಕೂಗಿದ್ದರೆ ಆ ಮಳೆಯಲ್ಲಿ ಎಷ್ಟು ಜನಕ್ಕೆ ಕೇಳುತ್ತಿತ್ತೋ.

ಮರದ ಹತ್ತಿರ ಗಾಡಿ ನಿಲ್ಲಿಸಿದೆ. ತಂತಿ ನೀರಿನಲ್ಲಿ ಬಿದ್ದಿತ್ತು. “ಮುಟ್ಟುಕಾಗ, ಅದ್ರ ಹತ್ರವೂ ಹೋಪುಕಾಗ,” ಎಂದ ಶೀನ. “ರಬ್ಬರ್ ತೋಟದೊಳ್ಗ್ ನನ್ ದಾರಿ ಇತ್ತ್. ನನ್ನ್ ಹಿಂದೆ ಬನ್ನಿ.”

ಕುರ್ಚಿಗೆ ನಾಲ್ಕು ಕಡೆ ನಾಲ್ಕು ಜನ ಕೈ ಕೊಟ್ಟೆವು. ಗಿರಿಜಕ್ಕ ಕೊಡೆ ಹಿಡಿದು ಪಕ್ಕದಲ್ಲೇ ಓಡುತ್ತಿದ್ದರು, ಆ ಕೊಡೆ ಸೊಸೆಗೆ ಬಿಟ್ಟು ಬೇರೆ ಎಲ್ಲರಿಗೂ ತಾಗುತ್ತಿತ್ತು. ತೋಟ ಸುತ್ತಿ ಮರದ ಆಚೆ ರಸ್ತೆಗೆ ಇಳಿದೆವು.

ರಸ್ತೆ ಖಾಲಿ ಇತ್ತು.

ನನ್ನ ಜೀವನದಲ್ಲಿ ಅಷ್ಟು ಖಾಲಿ ರಸ್ತೆ ನಾನು ನೋಡಿಲ್ಲ. ಸುಮಾಳ ತುಟಿ ನೀಲಿಯಾಗುತ್ತಿತ್ತು. ಫೋನು ತೆಗೆದೆ. ‘ಸೇವೆ ಇಲ್ಲ’ ಎಂದಿತು. ಆ ಹೊಳೆಯಾಚೆಯ ಟವರೂ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಗಿರಿಜಕ್ಕ ನನ್ನನ್ನೇ ನೋಡುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ಹುಡುಗಿಗೆ ಏನಾದರೂ ಆದರೆ ಈ ಊರಿಗೆ ನಾನು ಯಾವ ಮುಖ ಹೊತ್ತು ಬರಲಿ, ಆ ಬೇಕರಿಯ ಹುಡುಗನಿಗೆ ಏನು ಹೇಳಲಿ ಎಂದು ನಿಂತಿದ್ದೆ. ಹೊತ್ತುಕೊಂಡೇ ನಡೆಯೋಣ ಎಂದು ಕುರ್ಚಿ ಎತ್ತಿದೆವು. ಒಂದು ತಿರುವು ನಡೆದಿರಬೇಕು.

ಮಳೆಯ ಒಳಗಿಂದ ಎರಡು ದೀಪ ಬಂತು. ಸೈರನ್ ಗೀರನ್ ಇಲ್ಲ, ಮೆಲ್ಲಗೆ, ದಾರಿ ಹುಡುಕುತ್ತಾ ಬರುವ ಗಾಡಿಯ ಹಾಗೆ. ಆಂಬುಲೆನ್ಸು!

ಡ್ರೈವರ್ ಇಳಿದವನೇ, “ಎರಡ್ ಮೋರಿ ಅಂದದ್ ನೀವೇ ಅಲ್ದಾ? ಒಂದ್ ಮೋರಿ ನೀರಲ್ ಮುಳ್ಗಿತ್ತ್ ಮಾರಾಯ್ರೆ. ಗೇರ್ ತೋಟ ಅಂದದ್ದಕ್ ಗೊತ್ತಾಯ್ತ್,” ಎಂದ. ಒಳಗಿದ್ದ ನರ್ಸು ಹುಡುಗ ಸುಮಾಳ ಮುಖ ನೋಡಿದ, ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟ, ಆಕ್ಸಿಜನ್ ಹಾಕಿದ. ಗಿರಿಜಕ್ಕ ಮತ್ತು ನಾನು ಹತ್ತಿದೆವು. ಉಳಿದವರು ರಸ್ತೆಯಲ್ಲಿ ನಿಂತರು, ಪಾತ್ರೆ ಹಿಡಿದ ಆ ಇಬ್ಬರು ಹೆಂಗಸರು ತಲೆಯ ಮೇಲೆ ಪಾತ್ರೆ ಕವುಚಿಕೊಂಡು.

ವಂಡ್ಸೆ ದಾಟುವಾಗ ಆ ಸೀಟಿಯ ಸ್ವರ ಕಡಿಮೆಯಾಯಿತು. ಮೊದಲು ನಾನು ನಂಬಲಿಲ್ಲ, ಉಸಿರೇ ನಿಂತಿತೇನೋ ಎಂದು ಬಗ್ಗಿ ನೋಡಿದೆ. ಎದೆ ಏರಿ ಇಳಿಯುತ್ತಿತ್ತು. ನಮ್ಮೆಲ್ಲರ ಹಾಗೆ, ಶಬ್ದವಿಲ್ಲದೆ. ನರ್ಸು ಹುಡುಗ ಹೆಬ್ಬೆರಳು ಎತ್ತಿ ತೋರಿಸಿದ. ನಾನು ತಲೆ ತಗ್ಗಿಸಿ ಕೂತೆ. ಮಳೆಯಲ್ಲಿ ನೆನೆದ ಮುಖದಲ್ಲಿ ಒಂದು ಅನುಕೂಲ ಇದೆ, ಅಳುವುದು ಯಾರಿಗೂ ಗೊತ್ತಾಗುವುದಿಲ್ಲ.

ಸಂಜೆ ನಾಲ್ಕಕ್ಕೆ ಕುಂದಾಪುರದ ಆಸ್ಪತ್ರೆಯಲ್ಲಿ ಸುಮಾ ಎದ್ದು ಕೂತಳು. ಮುಖದ ಊತ ಅರ್ಧ ಇಳಿದಿತ್ತು. ಡಾಕ್ಟರು ರಾತ್ರಿ ಇಲ್ಲೇ ಇರಲಿ ಎಂದಿದ್ದರು. ಸತೀಶ ಬಸ್ಸು ಹತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ, ಒಳಗೆ ಹೋಗಲು ಧೈರ್ಯವಿಲ್ಲ.

“ಒಳ್ಗ್ ಬನ್ನಿ,” ಎಂದರು ಗಿರಿಜಕ್ಕ. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ‘ಬನ್ನಿ’ ಎಂದದ್ದು ಅದೇ ಮೊದಲು. ಕೋಪವೇ ಇರಬೇಕು ಎಂದುಕೊಂಡೆ.

“ತಪ್ಪಾಯ್ತ್ ಗಿರಿಜಕ್ಕ. ನಾನೇ ಒತ್ತಾಯ ಮಾಡಿ ಕೊಟ್ಟದ್ದ್,” ಎಂದೆ.

ಆಗ ಸುಮಾ ಬಾಯಿ ಬಿಟ್ಟಳು. ದನಿ ಒಡೆದಿತ್ತು. “ಅವರ್ದು ತಪ್ಪಿಲ್ಲ ಅತ್ತೆ. ನಂಗೆ ಗೊತ್ತಿತ್ತು. ಸಣ್ಣಾಕಿದ್ದಾಗ ಸೀಗಡಿ ತಿಂದು ಮೈಯೆಲ್ಲ ಕಡಿತ ಬಂದಿತ್ತು. ಅವಾಗಿಂದ ಮನ್ಯಾಗೆ ನಂಗೆ ಕೊಡ್ತಿದ್ದಿಲ್ಲ.”

“ಗೊತ್ತಿದ್ದೂ ತಿಂದ್ಯಾ?” ಗಿರಿಜಕ್ಕನ ದನಿ ಏರಿತು. “ಬ್ಯಾಡ ಅಂದ್ ಹೇಳುಕ್ ಎಂತ ಆಯಿತ್ತ್ ನಿಂಗೆ?”

“ಬ್ಯಾಡ ಅನ್ನದ ಹುಡುಗಿ ಅಂತ ಎಲ್ಲರ ಮುಂದೂ ಹೇಳ್ತಿದ್ರಲ್ಲ ಅತ್ತೆ. ಹೆಂಗೆ ಅನ್ನಲಿ?”

ಗಿರಿಜಕ್ಕ ಮಂಚದ ಮೇಲೆ ಕೂತು ಸೊಸೆಯ ಕೈ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. 112 ಹೇಗೆ ಗೊತ್ತು ಎಂದು ನಾನು ಕೇಳಿದೆ. ಕಾಲೇಜಿಗೆ ಪೊಲೀಸರು ಬಂದು ಹೇಳಿಕೊಟ್ಟಿದ್ದರಂತೆ. “ಮೊದ್ಲೇ ಫೋನ್ ಕೇಳಿದ್ನಲ್ಲ ಅಣ್ಣ, ನೀವು ಓಡಿಬಿಟ್ರಿ,” ಎಂದಳು.

“ಕಾಣ್ ಮಗ,” ಎಂದರು ಗಿರಿಜಕ್ಕ. “ಇನ್ ಮೇಲೆ ನಿಂಗ್ ಎಂತ ಬ್ಯಾಡ್ವೋ ಬ್ಯಾಡ ಅಂದ್ ಹೇಳ್ಕ್. ನಾನ್ ಎಂತ ನಿನ್ನ ತಿಂಬುದಿಲ್ಲೆ. ತಿಳೀತಾ?”

ಸುಮಾ ಎಂದಿನ ಹಾಗೆ ತಲೆ ಅಲ್ಲಾಡಿಸಿದಳು. ಆಮೇಲೆ ಸ್ವಲ್ಪ ಯೋಚನೆ ಮಾಡಿ, ಮೆಲ್ಲಗೆ ಹೇಳಿದಳು. “ಹಂಗಾದ್ರೆ ಅತ್ತೆ, ಆ ಕುಚ್ಚಲಕ್ಕಿ ಗಂಜಿನೂ ಬ್ಯಾಡ. ಒಂದೂವರೆ ತಿಂಗ್ಳಿಂದ ಕಣ್ಣು ಮುಚ್ಚಿ ನುಂಗ್ತಿದೀನಿ. ರೊಟ್ಟಿ ಮಾಡ್ಕಂತೀನಿ.”

ಕುಂದಾಪ್ರದ ಹೆಂಗಸಿನ ಎದುರು ಕುಚ್ಚಲಕ್ಕಿ ಗಂಜಿ ಬೇಡ ಎನ್ನುವುದು! ಗಿರಿಜಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೊದಲು ನಕ್ಕವರು ಅವರೇ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸುಮಾ ಊದಿದ ತುಟಿಯಲ್ಲೇ ನಗಲು ನೋಡಿ, ನೋವಾಗಿ ಕೈ ಅಡ್ಡ ಹಿಡಿದಳು. ನರ್ಸಮ್ಮ ಓಡಿ ಬಂದು, “ಎಂತ ಗಲಾಟಿ ಇದ್? ಪೇಷಂಟಿಗೆ ಮಾತಾಡ್ಸುಕಾಗ!” ಎಂದು ಗದರಿದರು.

“ಮಾತಾಡ್ಲಿ ಬಿಡಿ ಅಮ್ಮ,” ಎಂದರು ಗಿರಿಜಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ. “ಎಷ್ಟ್ ಬೇಕಾರೂ ಮಾತಾಡ್ಲಿ.”